ಹನ್ನೆರಡು ಸೇರಿನ ಮನೆ

ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಆಕೆಯನ್ನು ಕೊಟ್ಟು ಮದುವೆ ಮಾಡಿ, ಅರ್ಧ ರಾಜ್ಯವನ್ನೂ ಕೊಡಲಾಗುವುದು. ತಪ್ಪಿದವನ ತಲೆಯನ್ನು ಅಂದೇ ಸಂಜೆ ತೆಗೆಯಲಾಗುವುದು ಎಂದು ಡಂಗುರ ಸಾರಿದರು. ಕೂಡಲೇ ಅರಮನೆಯ ಮುಂದೆ ಸಾಲು ನಿಂತಿತು. ತಮ್ಮ ಬುದ್ಧಿಯ ಮೇಲೆ ಜನರಿಗಿರುವ ನಂಬಿಕೆಯನ್ನು ಮೆಚ್ಚಲೇಬೇಕು.

ಪದ್ಮಲೆ ಹೇಳಿದಳು: "ಹನ್ನೆರಡು ಸೇರು ಹಿಡಿಸುವ ಮನೆ. ಆಳು ಒಂದೇ ಸೇರು ತರುತ್ತಾನೆ, ಒಂದೇ ಸೇರು ಒಯ್ಯುತ್ತಾನೆ, ನಿದ್ದೆಯಲ್ಲೂ ನಿಲ್ಲಿಸುವುದಿಲ್ಲ. ಆಳು ಯಾರು? ಅವನು ತಂದದ್ದರಲ್ಲಿ ಮೂರನೇ ಒಂದು ಪಾಲು ಒಳಮನೆ ಮುಟ್ಟದೆ ಹಿಂತಿರುಗುತ್ತದೆ. ಅದು ನಿಲ್ಲುವುದೆಲ್ಲಿ? ಎಷ್ಟು ನೂಕಿದರೂ ಹೊರಗೆ ಹೋಗದ್ದು ಯಾವುದು?"

ನೆರೆರಾಜ್ಯದ ಯುವರಾಜ, "ಕಣಜದ ಆಳು, ಜಗಲಿ, ಹೆಗ್ಗಣ," ಎಂದ. ಅವನನ್ನು ಕರೆದೊಯ್ದರು. ದೊಡ್ಡೀರ ಎಂಬವನು ಮೂರನೆಯದಕ್ಕೆ, "ನಮ್ಮ ಸೋದರತ್ತೆ," ಎಂದ. ಸಭೆ ಒಪ್ಪುವಂತೆ ತಲೆದೂಗಿತು, ಆದರೂ ಅವನನ್ನೂ ಸೆರೆಗೆ ಹಾಕಿದರು.

ಅಣ್ಣನನ್ನು ಬಿಡಿಸಿಕೊಳ್ಳಲು ತಮ್ಮ ಕೆಂಚೀರ ಬಂದ. ಬಾವಿಗೆ ಬಿದ್ದ ಕೊಡಗಳನ್ನು ಮುಳುಗಿ ತೆಗೆಯುವುದು ಅವನ ಕಸುಬು.

"ಆಳು ಉಸಿರು, ತಾಯಿ. ಮನೆ ಎದೆ. ನೀರಲ್ಲಿ ಕೊಡ ಬೋರಲು ಹಾಕಿ, ಕೊಳವೆಯಿಂದ ಊದಿ ಅಳೆದಿದ್ದೇನೆ. ಸುಮ್ಮನೆ ಬಿಟ್ಟರೆ ಒಂದು ಸೇರು. ಎದೆ ತುಂಬ ಎಳೆದು ಪೂರ್ತಿ ಊದಿದರೆ ಒಂಬತ್ತರ ಮೇಲೆ."

"ಎರಡನೆಯದು?"

"ಗಂಟಲಿನ ನಾಳದಲ್ಲಿ. ಉದ್ದ ಕೊಳವೆ ಕಚ್ಚಿ ಮುಳುಗಿದರೆ ಕೊಳವೆಯ ಗಾಳಿಯೇ ಬಂದು ಹೋಗುತ್ತದೆ, ಹೊಸದು ಎದೆ ಮುಟ್ಟುವುದಿಲ್ಲ. ನಾಳವೂ ಹಾಗೆಯೇ. ಇನ್ನು ಮೂರನೆಯದು, ಊದಿ ಮುಗಿದ ಮೇಲೂ ಎದೆಯಲ್ಲಿ ಉಳಿಯುವ ಎರಡು ಸೇರಿಗೂ ಮಿಕ್ಕ ಗಾಳಿ. ಸತ್ತರೂ ಪೂರ್ತಿ ಹೋಗದು."

"ಸಾಕ್ಷಿ?" ಎಂದ ಮಂತ್ರಿ.

"ಸತ್ತವರನ್ನೇ ನೋಡಬೇಕು, ಬುದ್ಧಿ."

"ಹಾಗಾದರೆ ಸುಲಭ," ಎಂದು ಮಂತ್ರಿ ಅವನ ಕತ್ತನ್ನೇ ನೋಡಿದ. ಆಡಳಿತದಲ್ಲಿ ಇಂಥ ಚುರುಕು ಅಪರೂಪ.

"ಅಡುಗೆಮನೆಯಲ್ಲಿ ಕುರಿ ಕೊಯ್ದಿದ್ದಾರಲ್ಲ," ಎಂದ ಕೆಂಚೀರ. "ಅದರ ಪುಪ್ಪುಸ, ಆ ಉಸಿರಿನ ಚೀಲ, ಸಾಕು."

ತರಿಸಿ ಹಂಡೆಯ ನೀರಿಗೆ ಹಾಕಿದರು. ಮಂತ್ರಿ ಒತ್ತಿ ಮುಳುಗಿಸಿದ. ಗುಳ್ಳೆ ಬಂದವು, ಕೈ ಬಿಟ್ಟೊಡನೆ ಅದು ಮತ್ತೆ ತೇಲಿತು. ಸತ್ತ ಕುರಿ ಹೀಗೆ ಒಬ್ಬನ ಪರ ನಿಂತಿತು.

ಪದ್ಮಲೆ ನಕ್ಕಳು. "ನನ್ನನ್ನೂ ಅರ್ಧ ರಾಜ್ಯವನ್ನೂ ಗೆದ್ದೆ."

"ಮೊದಲು ಅಣ್ಣನನ್ನು ಬಿಡಿಸಿ, ತಾಯಿ."

"ಬಿಡಿಸುತ್ತೇನೆ. ಆದರೆ ಇನ್ನು ತಾಯಿ ಎನ್ನಬೇಡ."

ಅವನೊಬ್ಬನನ್ನೇ ಅಲ್ಲ, ಸೆರೆಯಲ್ಲಿದ್ದ ಎಲ್ಲರನ್ನೂ ಬಿಟ್ಟರು. ಹೊರಬಂದ ದೊಡ್ಡೀರ ಕತ್ತು ಸವರಿಕೊಳ್ಳುತ್ತ ತಮ್ಮನನ್ನು ಕೇಳಿದ: "ಉತ್ತರ ಏನೋ?"

ಕೆಂಚೀರ ಹೇಳಿದ.

"ಇಷ್ಟೇನಾ? ನನಗೂ ನಾಲಗೆಯ ತುದಿಯಲ್ಲೇ ಇತ್ತು ಕಣೋ."