ಗುಲಗಂಜಿ ಕಣ್ಣಿನ ಗಿಣಿ

ಮಲಪ್ರಭೆಯ ದಂಡೆಯ ಮೇಲೆ ನಿಂಬವ್ವತಾಯಿಯ ಆಶ್ರಮ. ಆಶ್ರಮವೆಂದರೆ ಮೂರು ಕೋಣೆ, ಒಂದು ಬೇವಿನ ಮರ, ಬೊಚ್ಚುಬಾಯಿಯ ಒಬ್ಬ ಮುದುಕಿ. ಅಷ್ಟೇ.

ಅಲ್ಲೊಂದು ಪದ್ಧತಿಯಿತ್ತು. ಊರಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಹಲ್ಲು ಮೂಡುವ ಮೊದಲು ಆಶ್ರಮದಿಂದ ಒಂದು ಗೊಂಬೆ ಹೋಗಬೇಕು. ಕ್ರೋಶಾ ಕಡ್ಡಿಯಲ್ಲಿ ನೂಲು ಹೆಣೆದು, ಒಳಗೆ ಹತ್ತಿ ತುಂಬಿದ ಗೊಂಬೆ. ಐವತ್ತು ವರ್ಷ ನಿಂಬವ್ವನೇ ಹೆಣೆದಿದ್ದಳು. ಈಗ ಅವಳ ಕಣ್ಣು ಮಂಜಾಗಿತ್ತು.

ಶಿಷ್ಯೆ ದಾನಮ್ಮ ಬಂದು ಮೂರು ವರ್ಷವಾಗಿತ್ತು. ಕಸ ಗುಡಿಸಿದ್ದಳು, ನೀರು ಹೊತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ, ಗುರುವಿನ ಬಾಯಿಂದ ಮಂತ್ರ.

"ಅವ್ವಾರ, ಮಂತ್ರ ಯಾವಾಗ ಕೊಡ್ತೀರಿ?"

"ಊರಾಗ ಅಡಿಗಿ ಮಾಡೋ ಯಲ್ಲವ್ವನ ಮೊಮ್ಮಗಳಿಗೆ ಆರು ತಿಂಗಳಾತು. ಅದಕ್ಕೊಂದು ಗಿಣಿ ಹೆಣಿ. ಆ ಗಿಣಿ ಕೂಸಿನ ಕೈಗೆ ಕೊಡೋ ಹಂಗಾದ ದಿನ ಕೇಳು."

ಇಷ್ಟೇನಾ ಎನಿಸಿತು ದಾನಮ್ಮನಿಗೆ. ಹೂವಿನ ಸರ ಎತ್ತಿದಷ್ಟು ಸಲೀಸು!

ನಿಂಬವ್ವ ಕಡ್ಡಿ ಹಿಡಿದು ತೋರಿಸಿದಳು. "ಮೊದಲ ಒಂದು ಸಣ್ಣ ಕುಣಿಕಿ. ಅದರ ಸುತ್ತ ಆರು. ಮುಂದಿನ ಸುತ್ತಿಗೆ ಮತ್ತಾರು ಕೂಡಿಸು. ಹಂಗ ಕೂಡಿಸ್ಕೋತ ಹೋದ್ರ ತಾನ ಹಿಗ್ಗತೈತಿ."

ನಾಲ್ಕೇ ದಿನಕ್ಕೆ ಗಿಣಿ ತಯಾರಾಯಿತು. ಹಸಿರು ಮೈ, ಕೆಂಪು ಕೊಕ್ಕು. ಆದರೆ ಕಣ್ಣಿಲ್ಲದ ಗಿಣಿ ಸಪ್ಪೆಯಾಗಿ ಕಂಡಿತು. ದಾನಮ್ಮ ಬೇಲಿಯ ಬಳ್ಳಿಯಿಂದ ಎರಡು ಗುಲಗಂಜಿ ಕಿತ್ತು ತಂದಳು. ಕೆಂಪು ಕಾಳು, ಮೇಲೊಂದು ಕಪ್ಪು ಚುಕ್ಕೆ. ಬೇಲದ ಅಂಟು ಹಚ್ಚಿ ಕೂರಿಸಿದ್ದೇ ತಡ, ಗಿಣಿ ಜೀವ ಬಂದಂತೆ ಪಿಳಿಪಿಳಿ ನೋಡಿತು.

ಹೊಳೆಗೆ ನೀರಿಗೆಂದು ಬಂದ ಹೆಂಗಸರೆಲ್ಲ ಸುತ್ತುವರಿದರು. "ಎಷ್ಟು ಚಂದ ಮಾಡೀಯವ್ವಾ! ಈಗ ಹಾರಿ ಹೋಗತೈತೇನೋ ಅನ್ನಂಗೈತಿ!"

ದಾನಮ್ಮ ಉಬ್ಬಿಹೋದಳು. ಇವತ್ತು ಮಂತ್ರ ಸಿಕ್ಕೇ ಸಿಗುತ್ತದೆ, ಗುಲಗಂಜಿಯಷ್ಟೂ ಅನುಮಾನವಿಲ್ಲ.

ನಿಂಬವ್ವ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ಗಿಣಿಯನ್ನು ಕೈಗೆ ತೆಗೆದುಕೊಂಡು ಮೈಯೆಲ್ಲ ಬೆರಳಾಡಿಸಿದಳು. ಕಣ್ಣಿನ ಹತ್ತಿರ ಬೆರಳು ನಿಂತಿತು.

"ಯಾರಿಗಿದು?"

"ಕೂಸಿಗ್ರಿ."

"ಹಂಗಾರ ಕೂಸು ನೋಡಿದಂಗ ನೋಡೂಣು."

ಎನ್ನುತ್ತ ಮುದುಕಿ ಗಿಣಿಯ ತಲೆಯನ್ನೇ ಬಾಯಿಗೆ ಹಾಕಿಕೊಂಡು ಒಸಡಿನಿಂದ ಚೀಪತೊಡಗಿದಳು. ಗಲ್ಲದ ಮೇಲೆ ಜೊಲ್ಲು ಇಳಿಯಿತು. ದಾನಮ್ಮನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು.

ನಿಂಬವ್ವ ಗಿಣಿಯನ್ನು ಹೊರಗೆ ತೆಗೆದಳು. ಒಂದು ಕಣ್ಣು ಇರಲಿಲ್ಲ.

ದಾನಮ್ಮ ಚೀರಿದಳು. "ಉಗುಳ್ರಿ! ಅವ್ವಾರ, ಉಗುಳ್ರಿ! ಒಡೀತಂದ್ರ ವಿಷ ಅದು! ಹ್ವಾದ ವರ್ಷ ಆಡಿನ ಮರಿ ಸತ್ತಿದ್ದು ಅದನ್ನ ತಿಂದ!"

ನಿಂಬವ್ವ ಅಂಗೈಗೆ ಉಗುಳಿದಳು. ಗುಲಗಂಜಿ ಒಡೆಯದೆ ಇಡಿಯಾಗಿ ಹೊರಗೆ ಬಂತು. ತಂಬಿಗೆ ಎತ್ತಿ ಎರಡು ಸಲ ಬಾಯಿ ಮುಕ್ಕಳಿಸಿದಳು.

"ವಿಷ ಅಂತ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ರಿ."

"ಮತ್ತ್ಯಾಕ ಹಚ್ಚಿದಿ?"

"ಚಂದ ಕಾಣ್ತೈತಿ ಅಂತ..."

"ಯಾರಿಗೆ?"

ದಾನಮ್ಮ ತಲೆ ತಗ್ಗಿಸಿದಳು. ಆ ನಾಲ್ಕು ದಿನ ತನ್ನ ಕಣ್ಣ ಮುಂದೆ ಹೊಳೆಯ ಹೆಂಗಸರಿದ್ದರು, ಗುರುವಿದ್ದಳು, ಮಂತ್ರವಿತ್ತು. ಕೂಸು ಒಂದು ಗಳಿಗೆಯೂ ಇರಲಿಲ್ಲ. ಅದು ಅರಿವಾದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ಅತ್ತಳು. ಗುರು ಸಮಾಧಾನ ಮಾಡಲಿಲ್ಲ.

ಅಂದೇ ಗಿಣಿಯನ್ನು ಪೂರ್ತಿ ಬಿಚ್ಚಿ ನೂಲಿನ ಉಂಡೆ ಮಾಡಿದಳು. ಬಣ್ಣ ಬಿಡುವುದು ನಿಲ್ಲುವ ತನಕ ನೂಲನ್ನು ಬಿಸಿನೀರಲ್ಲಿ ತೊಳೆದಳು. ಆಮೇಲೆ ಯಲ್ಲವ್ವನ ಮನೆಗೆ ಹೋಗಿ ಕೂಸಿನ ಎದುರು ಬರಿದೇ ಕೂತಳು. ಅದು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಒಯ್ಯುತ್ತಿತ್ತು. ಅಜ್ಜಿಯ ಸೆರಗು, ಚಾಪೆಯ ಅಂಚು, ತನ್ನದೇ ಹೆಬ್ಬೆರಳು.

ಈ ಸಲ ಹನ್ನೊಂದು ದಿನ ಹಿಡಿಯಿತು. ಹತ್ತಿ ಇಣುಕದಷ್ಟು ಬಿಗಿಯಾಗಿ ಹೆಣೆದಳು. ಕಣ್ಣಿನ ಜಾಗದಲ್ಲಿ ಕರಿನೂಲಿನ ನಾಲ್ಕು ಹೊಲಿಗೆ, ಅಷ್ಟೇ. ಬಾಲ ಜಗ್ಗಿದಳು, ರೆಕ್ಕೆ ಜಗ್ಗಿದಳು, ತಾನೇ ಬಾಯಲ್ಲಿಟ್ಟು ಕಚ್ಚಿದಳು. ಒಂದು ರೆಕ್ಕೆ ಸಡಿಲವೆನಿಸಿ ಮತ್ತೆ ಬಿಚ್ಚಿ ಹೆಣೆದಳು. ಹೆಣೆಯುವಾಗ ತುಟಿ ಅಲುಗುತ್ತಿತ್ತು. ಕಡ್ಡಿ ಒತ್ತಿ ಒತ್ತಿ ಬೆರಳು ಜಡ್ಡುಗಟ್ಟಿತು.

ಹೊಳೆಯ ಹೆಂಗಸರು ನೋಡಿ, "ಮದಲಿಂದು ಚಲೋ ಇತ್ತು ಬಿಡವ್ವಾ" ಎಂದರು. ದಾನಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಯಲ್ಲವ್ವ ಕೂಸನ್ನು ಎತ್ತಿಕೊಂಡು ಆಶ್ರಮಕ್ಕೆ ಬಂದಳು. ದಾನಮ್ಮ ಗಿಣಿಯನ್ನು ಗುರುವಿನ ಕೈಗಿಟ್ಟಳು. ನಿಂಬವ್ವ ಗಿಣಿಯನ್ನು ಮುಟ್ಟಿ ನೋಡಲಿಲ್ಲ. ಶಿಷ್ಯೆಯ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಗಿಣಿಯನ್ನು ನೇರ ಕೂಸಿನ ಕೈಗೆ ಕೊಟ್ಟಳು.

"ಅವ್ವಾರ! ಜಗ್ಗಿ ನೋಡ್ಲೇ ಇಲ್ಲಲ್ರಿ?"

"ನೀ ಜಗ್ಗೀಯಲ್ಲ."

ಗಿಣಿಯ ತಲೆ ಕೂಸಿನ ಬಾಯಿ ಸೇರಿತು. ದಾನಮ್ಮ ಮಂಡಿಯೂರಿ ಆ ಬಾಯಿಯನ್ನೇ ನೋಡುತ್ತ ಕೂತಳು. ಕೂಸು ಚೀಪಿತು, ಎಳೆಯಿತು, ನೆಲಕ್ಕೆ ಒಗೆಯಿತು, ಮತ್ತೆ ಬೇಕೆಂದು ಅತ್ತಿತು. ಗಿಣಿಯ ಒಂದೆಳೆಯೂ ಸಡಿಲಾಗಲಿಲ್ಲ. ಜೊಲ್ಲಿನಲ್ಲಿ ತೊಯ್ದ ಗಿಣಿಯನ್ನು ತಬ್ಬಿಕೊಂಡು ಅದು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಯಿತು.

"ಏನೋ ಕೇಳಬೇಕಂತಿದ್ದ್ಯಲ್ಲ?" ಎಂದಳು ನಿಂಬವ್ವ.

ದಾನಮ್ಮನಿಗೆ ಆಗಲೇ ನೆನಪಾಯಿತು. ಮೂರು ವರ್ಷ ಕಾದ ಮಂತ್ರ, ಹನ್ನೊಂದು ದಿನದಿಂದ ಅದರ ನೆನಪೇ ಇರಲಿಲ್ಲ.

"ಮಂತ್ರ, ಅವ್ವಾರ."

"ಹೆಣಿಯುವಾಗ ಬಾಯಾಗ ಏನೋ ಅಂತಿದ್ದಿ. ಏನದು?"

ದಾನಮ್ಮ ನಾಚಿದಳು. "ಮಂತ್ರ ಗಿಂತ್ರ ಅಲ್ರಿ ಅದು. ಒಂದೊಂದು ಕುಣಿಕಿಗೂ, 'ಕೂಸಿಗೆ ಏನೂ ಆಗದಿರ್ಲಿ, ಕೂಸಿಗೆ ಏನೂ ಆಗದಿರ್ಲಿ' ಅಂತಿದ್ನಿ."

ನಿಂಬವ್ವ ಬುಟ್ಟಿಯಿಂದ ಕ್ರೋಶಾ ಕಡ್ಡಿ ತೆಗೆದು ಅವಳ ಕೈಗಿಟ್ಟು ಹೇಳಿದಳು:

"ಆ ಮಾತು ಬಿಡಬ್ಯಾಡ. ಈಗ ಅದರಾಗ ಒಂದು ಕೂಸು ಹಿಡಿಸೇತಿ. ಸುತ್ತು ಸುತ್ತಿಗೆ ಹಿಗ್ಗಿಸ್ಕೋತ ಹೋಗು."