ಕರಡಿಹಾಳದ ಬೋರಲುಗಲ್ಲು

ಬಾದಾಮಿಗೆ ಹೋಗುವ ಬಸ್ಸುಗಳು ನಮ್ಮ ಕರಡಿಹಾಳದಲ್ಲಿ ನಿಲ್ಲುವುದಿಲ್ಲ. ಅಲ್ಲಿನ ಗುಹೆಗಳಿಗೆ ಮುಗಿಬೀಳುವ ಜನರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನು. ನಮ್ಮ ಗುಡ್ಡವೂ ಅದೇ ಕೆಂಪು ಮರಳುಗಲ್ಲಿನದು, ಮೈತುಂಬ ಓರೆ ಗೆರೆಗಳ ಪದರುಗಳು. ಹೋದ ವರ್ಷ ಕಾಲೇಜಿನ ಮೇಷ್ಟ್ರೊಬ್ಬರು ಬಂದು, ಕೋಟಿಗಟ್ಟಲೆ ವರ್ಷಗಳ ಹಿಂದೆ ಹೊಳೆಯೊಂದು ಇಲ್ಲಿ ಕವಲೊಡೆದು ಕಡಲು ಸೇರುತ್ತಿತ್ತು, ಇದು ಅದರ ಮುಖಜಭೂಮಿ ಎಂದು ಹೇಳಿಹೋದರು. ನಮ್ಮೂರಿಗೆ ಅದೇನೂ ಹೊಸ ಸುದ್ದಿಯಲ್ಲ. ಗುಡ್ಡದ ಇಳಿಜಾರಿನಲ್ಲಿ ಬೋರಲುಗಲ್ಲು ಎಂಬ ಚೌಕ ಬಂಡೆಯಿದೆ. ಅದರ ಕಥೆ ಬಲ್ಲವರಿಗೆಲ್ಲ ಅದು ಗೊತ್ತು.

ಹಿಂದೆ ಒಮ್ಮೆ ಈ ಊರಿನಲ್ಲಿ ಬಿಕ್ಕೋಜ, ಮಾಚೋಜ ಎಂಬ ಅಣ್ಣತಮ್ಮಂದಿರು ಕಲ್ಲುಕುಟಿಗರಾಗಿದ್ದರು ಎನ್ನುತ್ತಾರೆ. ಕಲ್ಲು ಗುಡ್ಡದಲ್ಲಿ ಹೇಗೆ ಮಲಗಿತ್ತೋ ಕಟ್ಟಡದಲ್ಲೂ ಹಾಗೆಯೇ ಮಲಗಬೇಕು, ಇಲ್ಲವಾದರೆ ಪದರು ಬಿಡುತ್ತದೆ ಎಂಬುದು ಅವರ ಕಟ್ಟಳೆ. ಅದಕ್ಕೆಂದೇ ಬಂಡೆ ಬಿಡಿಸುವ ಮೊದಲು ಅದರ ಮೇಲ್ಮೈಗೆ ಸುಣ್ಣದ ಗುರುತು ಹಾಕುತ್ತಿದ್ದರು. ಗುರುತು ಹಾಕುವವನೇ ಕೆಲಸಕ್ಕೆ ಹಿರಿಯ. ಮೂವತ್ತು ವರ್ಷ ಆ ಸುಣ್ಣದ ಕುಡಿಕೆ ಬಿಕ್ಕೋಜನ ಕೈಯಲ್ಲಿತ್ತು. ಊರದೇವತೆ ಹೊಳೆಯವ್ವನ ಪೀಠಕ್ಕೆ ಕಲ್ಲು ಬೇಕಾದಾಗ ಊರವರು ಆ ಕುಡಿಕೆಯನ್ನು ತಮ್ಮನ ಕೈಗಿತ್ತರು. ಮಾಚೋಜ ಮಳೆಗಾಲದ ಹೊಳೆಯನ್ನು ದಿನಗಟ್ಟಲೆ ನೋಡುತ್ತ ಕೂತು ಗುಡ್ಡದ ಗೆರೆಗಳನ್ನು ಓದಲು ಕಲಿತವನು. ಈ ನುಣುಪು ಪದರು ನಿಂತ ನೀರಿನ ಕೆಸರು, ಸೀಳುತ್ತದೆ; ಈ ಓರೆ ಪದರು ಹೊಳೆಯು ಕಡಲಿಗೆ ಸುರಿದ ಮರಳು, ಗಟ್ಟಿ, ಎಂದು ಬೆರಳಿಟ್ಟು ತೋರಿಸುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ಬಿಕ್ಕೋಜನಿಗೆ ಮೈಯೆಲ್ಲ ಉರಿ. ಅವನು ಎಷ್ಟು ದಿಟ್ಟಿಸಿದರೂ ಕಾಣುತ್ತಿದ್ದದ್ದು ಬರೀ ಕಲ್ಲು. ತಾನು ಎತ್ತಿ ಆಡಿಸಿದ ತಮ್ಮನಿಗೆ ಕಂಡದ್ದು ತನಗೆ ಕಾಣದಲ್ಲ ಎಂದು ಊಟವೂ ಸೇರದಾಯಿತಂತೆ.

ಪೀಠ ಕೂರಿಸುವ ಹಿಂದಿನ ದಿನ, ಎಲ್ಲರೂ ಬುತ್ತಿ ಉಣ್ಣಲು ಕೆಳಗಿಳಿದಾಗ, ಬಿಕ್ಕೋಜ ಹಾರೆ ಹಾಕಿ ತಮ್ಮ ಬಿಡಿಸಿಟ್ಟಿದ್ದ ಬಂಡೆಯನ್ನು ಬೋರಲು ಕೆಡವಿದ. ಹಳೆಯ ಗುರುತು ಅಡಿಗಾಯಿತು. ಮೇಲೆ ಹೊಸದನ್ನು ಬಳಿದ. ಪೀಠ ಪದರು ಬಿಡಲಿ, ತಮ್ಮನ ಹೆಸರು ಮಣ್ಣುಪಾಲಾಗಲಿ ಎಂಬುದು ಅವನ ಆಸೆ. ಆದರೆ ಮಾಚೋಜ ಬಂದವನೇ ಗುರುತನ್ನು ಬಿಟ್ಟು ಗೆರೆಗಳನ್ನು ನೋಡಿದ.

"ಅಣ್ಣಾ, ಹೊಳಿ ಸುರಿದ ಗೆರಿ ಬುಡದಾಗ ಬಾಗಿ ಮಲಗತಾವು. ಮುಂದಿನ ಸಲ ಹೊಳಿ ಬಂದು ತುದಿ ಕೊಯ್ಕೊಂಡು ಹೋಗತೈತಿ. ಇಲ್ಲಿ ಕೊಯ್ದ ತುದಿ ಕೆಳಗದಾವು. ಕಲ್ಲು ಬೋರಲ ಬಿದ್ದೈತಿ."

ಬಿಕ್ಕೋಜನ ಬೆರಳಿನ ಸುಣ್ಣ ಇನ್ನೂ ಹಸಿಯಾಗಿತ್ತು. ಮಾಚೋಜ ಅದನ್ನು ಕಂಡ, ಯಾರಿಗೂ ಹೇಳಲಿಲ್ಲ. ಒಂದು ಹಾರೆಯನ್ನು ಅಣ್ಣನ ಮುಂದಿಟ್ಟು ಇನ್ನೊಂದನ್ನು ತಾನು ಹಿಡಿದ.

"ಇಳಿಜಾರಿಗೆ ಕೆಡವಾಕ ಒಬ್ಬ ಸಾಕು. ತಿರುಗಿ ಎತ್ತಾಕ ಇಬ್ಬರು ಬೇಕು. ಬಾ."

ಮಾನ ಉಳಿಸಿದ ತಮ್ಮನ ಮೇಲೆ ಬಿಕ್ಕೋಜನಿಗೆ ಮೊದಲಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಒಳ್ಳೆಯತನದಲ್ಲೂ ಇವನೇ ಮೇಲೋ ಎಂದು ಕುದಿದು, ಹಾರೆ ಮುಟ್ಟದೆ ಗುಡ್ಡ ಇಳಿದುಹೋದ. ಮತ್ತೆ ಹತ್ತಲಿಲ್ಲ. ಊರವರು ಬೇರೆ ಕಲ್ಲಿನಲ್ಲಿ ಪೀಠ ಮಾಡಿದರು. ಈ ಬಂಡೆಗೆ ಕೈಹಚ್ಚಲು ಮಾತ್ರ ಮಾಚೋಜ ಅಣ್ಣನನ್ನು ಬಿಟ್ಟು ಯಾರನ್ನೂ ಬಿಡಲಿಲ್ಲ ಎನ್ನುತ್ತಾರೆ.

ಈಗ ಹೋದರೂ ನೋಡಬಹುದು. ಗುಡ್ಡದ ಗೆರೆಗಳೆಲ್ಲ ಬುಡದಲ್ಲಿ ಬಾಗಿವೆ, ಆ ಒಂದು ಕಲ್ಲಿನವು ಮೇಲೆ ಬಾಗಿವೆ. ಅದರ ಕೆಳಬದಿಯಲ್ಲಿ ಹಾರೆ ಹಾಕಲು ಮಾಚೋಜ ಅಕ್ಕಪಕ್ಕ ಕೊರೆದ ಎರಡು ಗುಳಿಗಳಿವೆ. ಒಂದರ ಅಂಚು ಹಾರೆ ತಿಕ್ಕಿ ತಿಕ್ಕಿ ಸವೆದುಹೋಗಿದೆ. ಅಣ್ಣನಿಗೆಂದು ಕೊರೆದದ್ದರಲ್ಲಿ ಉಳಿಯ ಏಟುಗಳು ಇನ್ನೂ ಹಾಗೇ ಇವೆ.