ಹಿತ್ತಲಿನ ಗುಂಡು ಮೆಣಸಿನಕಾಯಿ

ಧಾರವಾಡದ ಸುಂದರಾಬಾಯಿಯವರ ಹಿತ್ತಲಿನಲ್ಲಿ ಗೋಲಿಯಷ್ಟು ಸಣ್ಣ ಟೊಮೆಟೊ ಕೆಂಪಗಾದರೆ ಸಾಕು, ಬೆಳಗಾಗುವುದರೊಳಗೆ ಮಾಯ. ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದ್ದ ತಮ್ಮ ವಾಮನರಾಯರು ತೋಟದ ಕೆಲಸದ ನೀಲವ್ವನ ಮೇಲೆ ಹರಿಹಾಯ್ದರು.

“ತಿನ್ನೋಕಿ ನೀನ! ಇಲ್ಲಂದ್ರ ಕಳ್ಳನ್ನ ಹಿಡದು ತೋರಸು. ಆಗಲಿಲ್ಲಂದ್ರ ಕೆಲಸ ಬಿಡು!”

ನೀಲವ್ವನ ಕಣ್ಣು ತುಂಬಿದವು. ದನಿ ಮಾತ್ರ ನಡುಗಲಿಲ್ಲ. “ಆತ್ರೀ ರಾಯರ. ಆದರ ಈ ಸಲ ಯಾವ ತಳಿ ಹಚ್ಚಬೇಕು ಅನ್ನೋದು ನನಗ ಬಿಡ್ರಿ.”

ಸುಂದರಾಬಾಯಿ ಒಪ್ಪಿದರು. ನೀಲವ್ವ ಅದೇ ಸಣ್ಣ ಟೊಮೆಟೊ ನೆಟ್ಟಳು. ನಡುನಡುವೆ, ಹಣ್ಣಾದರೆ ಅಷ್ಟೇ ಗುಂಡಗೆ, ಅಷ್ಟೇ ಕೆಂಪಗೆ ಕಾಣುವ ಭಾರೀ ಖಾರದ ಮೆಣಸಿನ ಗಿಡಗಳನ್ನೂ ಯಾರಿಗೂ ಹೇಳದೆ ನೆಟ್ಟಳು.

ಟೊಮೆಟೊ, ಮೆಣಸು ಎರಡೂ ಕೆಂಪಾದವು. ಒಂದು ದಿನ ನಸುಕಿನಲ್ಲೇ ಹಿತ್ತಲಿನಿಂದ ಚೀರಾಟ ಕೇಳಿಸಿತು. ಎಲ್ಲರೂ ಓಡಿದರು. ವಾಮನರಾಯರು ನೀರಿನ ತೊಟ್ಟಿಯಲ್ಲಿ ಬಾಯಿ ಅದ್ದಿ ನಿಂತಿದ್ದರು.

“ಅಕ್ಕಾ, ಟೊಮೆಟೊ ಖಾರ ಅದ!”

“ಯಾರನ್ನ ಕೇಳಿ ಹರಕೊಂಡ್ಯೋ?” ಎಂದರು ಅಕ್ಕ.

ರಾಯರು ಮತ್ತೆ ತೊಟ್ಟಿಗೆ ಬಾಯಿ ಹಾಕಿದರು. ನೀಲವ್ವ ಒಂದು ತುಂಡು ಬೆಲ್ಲ ತಂದು ಅವರ ಕೈಗಿಟ್ಟಳು.

“ಕಳ್ಳನ್ನ ನಾ ಹಿಡೀಲಿಲ್ರೀ ರಾಯರ. ಮೆಣಸಿನಕಾಯೇ ಹಿಡೀತ್ರಿ.”

ಸುಂದರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವತ್ತಿನಿಂದ ಹಿತ್ತಲಿಗೆ ತಳಿ ಆರಿಸುವವಳು ನೀಲವ್ವನೇ. ಊಟದ ತಾಟಿನಲ್ಲಿ ಟೊಮೆಟೊ ಕಂಡರೆ ರಾಯರು ಇವತ್ತಿಗೂ ಅವಳನ್ನೇ ಕರೆದು ಮೆಲ್ಲಗೆ ಕೇಳುತ್ತಾರೆ: “ನೀಲವ್ವಾ, ಇದು ಹಣ್ಣೋ, ಮೆಣಸಿನಕಾಯೋ?”